ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು

ಕೊರೋನಾ ಕಳೆದು ಶಾಲೆಗಳು ಪೂರ್ತಿ ತೆರೆದ ಮೇಲಿನ ಎರಡನೇ ವರ್ಷ. ನಾನು ಆಗ ಹನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಶಿಕ್ಷಕಿ. ನಿವೃತ್ತಿ ಹತ್ತಿರವಿತ್ತು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಒಬ್ಬ ಹುಡುಗಿಯ ಗುರುತು ಸಿಕ್ಕಿಬಿಡುತ್ತದೆ. ಕೌದಳ್ಳಿಗೂ ರಾಮಾಪುರಕ್ಕೂ ನಡುವೆ ಎಲ್ಲೋ ಎಂದರೆ ಸಾಕು. ನನ್ನ ಸ್ವಂತ ಊರು ಯಳಂದೂರು. ಹನೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನವೂ ಬಸ್ಸಿನಲ್ಲಿ ಶಾಲೆಗೆ ಹೋಗಿ ಬರುತ್ತಿದ್ದೆ.

ಈಗ ಹೇಳಹೊರಟಿರುವುದು ಒಂದು ಸಂಖ್ಯೆಯ ವಿಷಯ. 142857. ಆ ಸಂಖ್ಯೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಅದನ್ನು ಮಕ್ಕಳಿಗೆ ತೋರಿಸುತ್ತ ಬಂದವಳು ನಾನು. ಸಿಟ್ಟು ಇರುವುದು ಅದಕ್ಕೆ ಮಾಡಬಾರದ ಕೆಲಸ ಕೊಟ್ಟವರ ಮೇಲೆ. ಅದು ಇನ್ನೂ ಇಳಿದಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮುಖ್ಯ ಶಿಕ್ಷಕರು ನಮ್ಮನ್ನೆಲ್ಲ ಕರೆದು, ಶನಿವಾರ ಮಕ್ಕಳಿಗೂ ಪೋಷಕರಿಗೂ ಒಂದು ಕಾರ್ಯಕ್ರಮವಿದೆ ಅಂದರು. ಹೊರಗಿನ ಒಂದು ಖಾಸಗಿ ಸಂಸ್ಥೆ ನಡೆಸುವುದು. ‘ಗಣಿತ ಭಯ ನಿವಾರಣೆ’ ಎಂದು ಅದರ ಹೆಸರು. ನಡೆಸಿಕೊಡುವವರು ಸಂಖ್ಯಾತಜ್ಞರಂತೆ. ಯಾರು ಹೇಳಿದರು, ಯಾಕೆ ಹೇಳಿದರು ಎಂದು ಕೇಳಿದರೆ ಅವರು ಬೆರಳನ್ನು ಮೇಲಕ್ಕೆ ತೋರಿಸಿದರು. ಕಾಗದದಲ್ಲಿ ಏನೂ ಇರಲಿಲ್ಲ, ಫೋನಿನಲ್ಲಿ ಬಂದ ಸೂಚನೆ.

ಶನಿವಾರ ಬಂದವನಿಗೆ ನಲವತ್ತರ ಆಸುಪಾಸು. ಬಿಳಿ ಜುಬ್ಬಾ, ಕಿವಿಗೆ ಸಿಕ್ಕಿಸಿಕೊಂಡ ಮೈಕು. ಮಾತುಗಾರ. ಶಾಲೆಯ ಅಂಗಳದಲ್ಲಿ ಶಾಮಿಯಾನದ ಕೆಳಗೆ ಮಕ್ಕಳು ಮುಂದೆ, ತಾಯಂದಿರು ಹಿಂದೆ ಕುಳಿತಿದ್ದರು. ಆತ ದೊಡ್ಡ ಬಿಳಿ ಹಲಗೆಯ ಮೇಲೆ 142857 ಎಂದು ಬರೆದು ಒಬ್ಬ ಹುಡುಗನನ್ನು ಕರೆದು ಎರಡರಿಂದ ಗುಣಿಸು ಅಂದ. 285714 ಬಂತು. ಮೂರರಿಂದ 428571. ನಾಲ್ಕರಿಂದ 571428. ಐದರಿಂದ 714285. ಆರರಿಂದ 857142. ಪ್ರತಿಸಲವೂ ಅದೇ ಆರು ಅಂಕಿಗಳು, ಅದೇ ಅನುಕ್ರಮ. ಆರಂಭವಾಗುವ ಜಾಗ ಮಾತ್ರ ಬೇರೆ. ಹಲ್ಲುಚಕ್ರವನ್ನು ಎಲ್ಲಿಂದ ತಿರುಗಿಸಿದರೂ ಅದೇ ಹಲ್ಲುಗಳು ಸಾಲಾಗಿ ಬಂದಂತೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಅಲ್ಲಿಯವರೆಗೆ ನನಗೂ ಖುಷಿಯೇ. ನಮ್ಮ ಮಕ್ಕಳು ಗುಣಾಕಾರ ನೋಡಿ ಬೆರಗಾಗುವುದು ದಿನವೂ ಆಗುವಂಥದ್ದಲ್ಲ.

ಆಮೇಲೆ ಆತ ದನಿ ತಗ್ಗಿಸಿದ. “ನೋಡಿದಿರಾ ತಾಯಂದಿರೆ, ಏನು ಮಾಡಿದರೂ ಈ ಸಂಖ್ಯೆ ಕೆಡಲಿಲ್ಲ. ಕೆಡದ ಸಂಖ್ಯೆ ಯಾರ ಮೈಮೇಲೆ ಇರುತ್ತದೋ ಅವರೂ ಕೆಡುವುದಿಲ್ಲ. ಇದು ರಕ್ತದ ಹಾಗೆ ಸುತ್ತುತ್ತದೆ. ನರದ ದೋಷ, ಮರೆವು, ಪರೀಕ್ಷೆಯ ಭಯ, ಫಿಟ್ಸು, ಇವೆಲ್ಲ ಮೈಯೊಳಗಿನ ಸಂಖ್ಯೆ ತಪ್ಪಿ ಬರುವ ತೊಂದರೆಗಳು.”

ಅವನ ಕಡೆಯ ಇಬ್ಬರು ಆ ಸಂಖ್ಯೆ ಕೊರೆದ ತಾಮ್ರದ ತಗಡುಗಳನ್ನು ಕೆಂಪು ದಾರದಲ್ಲಿ ಪೋಣಿಸಿಕೊಂಡು ತಾಯಂದಿರ ನಡುವೆ ಮಾರುತ್ತ ಹೊರಟರು.

ನಾನು ಎದ್ದು ನಿಂತು ಕೇಳಿದೆ: “ಏಳರಿಂದ ಗುಣಿಸಿ ತೋರಿಸಿ ಸಾರ್.”

ಆತ ನನ್ನ ಕಡೆ ನೋಡಿ ನಕ್ಕ. “ಪ್ರಶ್ನೆಗಳು ಕೊನೆಯಲ್ಲಿ ಮೇಡಂ.”

“ಇದು ಒಂದನ್ನು ಏಳರಿಂದ ಭಾಗಿಸಿದರೆ ಬರುವ ಸಂಖ್ಯೆ. ಅದಕ್ಕೂ ಫಿಟ್ಸಿಗೂ ಏನು ಸಂಬಂಧ ಅಂತ ಈಗಲೇ ಹೇಳಿ.”

ಮುಖ್ಯ ಶಿಕ್ಷಕರು ಪಕ್ಕಕ್ಕೆ ಬಂದು ನನ್ನ ಮೊಣಕೈ ಹಿಡಿದರು. “ಅತಿಥಿಗಳು ಮೇಡಂ. ಆಫೀಸ್ ರೂಮಲ್ಲಿ ಸ್ವಲ್ಪ ಕೆಲಸ ಇದೆ, ಬನ್ನಿ.” ಆಫೀಸ್ ರೂಮಿನಲ್ಲಿ ಯಾವ ಕೆಲಸವೂ ಇರಲಿಲ್ಲ. ಹೊರಗೆ ಮಕ್ಕಳು ಒಟ್ಟಿಗೆ “ಒಂದು ನಾಲ್ಕು ಎರಡು ಎಂಟು ಐದು ಏಳು” ಎಂದು ಹೇಳುತ್ತಿದ್ದುದು ಕೇಳಿಸುತ್ತಿತ್ತು. ಮಗ್ಗಿಯನ್ನು ನಾನು ಎಂದೂ ಅವರಿಂದ ಅಷ್ಟು ಜೋರಾಗಿ ಹೇಳಿಸಲು ಆಗಿರಲಿಲ್ಲ. “ನನ್ನ ವಿಷಯ ಸಾರ್ ಅದು,” ಎಂದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಪವಿತ್ರಾ ಎನ್ನೋಣ, ನಿಜವಾದ ಹೆಸರು ಬೇರೆ. ಚಿಕ್ಕಂದಿನಿಂದ ಅವಳಿಗೆ ಮೂರ್ಛೆ ರೋಗ. ಕೊಳ್ಳೇಗಾಲದ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಬೆಳಿಗ್ಗೆ ಸಂಜೆ ತಪ್ಪದೆ ನುಂಗುತ್ತಿದ್ದಳು. ನಮ್ಮ ಶಾಲೆಗೆ ಸೇರಿದ ಮೇಲೆ ಒಂದು ಸಲವೂ ಬಿದ್ದಿರಲಿಲ್ಲ. ಮಾತ್ರೆಯಿಂದ ಆಗುತ್ತಿದ್ದ ತೊಂದರೆ ಒಂದೇ, ತೂಕಡಿಕೆ. ಬೆಳಗಿನ ಮೊದಲ ಎರಡು ಪೀರಿಯಡ್ಡು ಅವಳ ಕಣ್ಣು ಎಳೆಯುತ್ತಿತ್ತು. ಉಳಿದ ಮಕ್ಕಳು “ನಿದ್ದೆ ಪವಿ” ಎಂದು ಕರೆಯುತ್ತಿದ್ದರು. ಅಪ್ಪ ಲಾರಿ ಓಡಿಸುತ್ತಿದ್ದ, ಮನೆಯಲ್ಲಿರುವುದು ಅಪರೂಪ. ತಾಯಿ ಶಿವಮ್ಮ ಕೌದಳ್ಳಿಯಲ್ಲಿ ಬೆಟ್ಟದ ದೇವಸ್ಥಾನಕ್ಕೆ ಹೋಗುವ ಬಸ್ಸುಗಳು ನಿಲ್ಲುವ ಕಡೆ ಸಣ್ಣದೊಂದು ಹೋಟೆಲು ನಡೆಸುತ್ತಿದ್ದಳು.

ಕಾರ್ಯಕ್ರಮವಾದ ಮೇಲೆ ಕೆಲವು ದಿನ ಪವಿತ್ರಾ ಚುರುಕಾಗಿದ್ದಳು. ಮೊದಲ ಪೀರಿಯಡ್ಡಿನಲ್ಲೇ ಕೈಯೆತ್ತಿ ಉತ್ತರ ಹೇಳುತ್ತಿದ್ದಳು. ಡಾಕ್ಟರು ಮಾತ್ರೆ ಬದಲಿಸಿರಬೇಕು ಎಂದುಕೊಂಡೆ. ಅವಳ ಕೊರಳಿನ ಕೆಂಪು ದಾರ ಸಮವಸ್ತ್ರದ ಒಳಗಿತ್ತು.

ಒಂದು ಗುರುವಾರ ಬಹುಪದೋಕ್ತಿಗಳ ಲೆಕ್ಕ ಬಿಡಿಸಲು ಅವಳನ್ನು ಬೋರ್ಡಿನ ಹತ್ತಿರ ಕರೆದೆ. ಎರಡು ಸಾಲು ಬರೆದಿದ್ದಳು. ಚಾಕ್‌ಪೀಸು ಕೈಯಿಂದ ಜಾರಿತು. ತಲೆ ಒಂದು ಪಕ್ಕಕ್ಕೆ ಸೆಟೆದು ಮುಂದಿನ ಬೆಂಚಿನ ಅಂಚಿಗೆ ಮುಖ ಬಡಿದು ಕೆಳಗೆ ಬಿದ್ದಳು. ಹಲ್ಲು ತುಟಿಯನ್ನು ಸೀಳಿತ್ತು. ಯಾರೋ ಕೈಗೆ ಬೀಗದ ಕೈ ಗೊಂಚಲು ಹಿಡಿಸಲು ಓಡಿ ಬಂದರು, ತಳ್ಳಿದೆ. ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ನನ್ನ ಬ್ಯಾಗು ಇಟ್ಟು, ಕುತ್ತಿಗೆಯ ಗುಂಡಿ ಬಿಚ್ಚಿದೆ. ಆಗ ಆ ತಗಡು ಹೊರಬಿತ್ತು. 142857. ಅದರ ಮೇಲೆಲ್ಲ ರಕ್ತ.

ಒಂದು ಸಲ ನಿಂತು, ಮತ್ತೆ ಶುರುವಾಯಿತು. ಆಟೋದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದೆವು. ಇಂಜೆಕ್ಷನ್ ಕೊಟ್ಟ ಮೇಲೆ ಮೈ ಸಡಿಲವಾಯಿತು. ಅಷ್ಟರಲ್ಲಿ ಶಿವಮ್ಮ ಬಂದಳು, ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತ್ರೆ ಯಾವಾಗ ಕೊನೆಯದಾಗಿ ಕೊಟ್ಟಿರಿ ಎಂದು ಕೇಳಿದರು.

ಶಿವಮ್ಮ ನನ್ನ ಮುಖ ನೋಡಿದಳು. “ನಂಬರ್ ಕಟ್ಟುದ್ಮ್ಯಾಲೆ ಕೊಟ್ಟಿಲ್ಲ ಕಣವ್ವ.”

“ಯಾಕೆ?” ಎಂದರು ಡಾಕ್ಟರು.

“ಅವ್ರ ಕಡೆಯೋರು ಏಳುದ್ರು. ಎರಡೂ ಒಟ್ಟಿಗಿದ್ರೆ ನಂಬರ್ ಕೆಲ್ಸ ಮಾಡಾಕಿಲ್ಲ ಅಂತ. ಇಸ್ಕೂಲಲ್ಲೇ ಏಳುದ್ರಲ್ಲ, ಮೇಷ್ಟ್ರುಗಳೆಲ್ಲ ಅಲ್ಲೇ ಕುಂತಿದ್ರಲ್ಲ.”

ಹಠಾತ್ತನೆ ಮಾತ್ರೆ ನಿಲ್ಲಿಸಿದರೆ ಮೂರ್ಛೆ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ, ಮೆದುಳಿಗೂ ಪೆಟ್ಟು, ಜೀವಕ್ಕೂ ಅಪಾಯ ಎಂದು ಡಾಕ್ಟರು ಖಾರವಾಗಿಯೇ ಬೈದರು. ಶಿವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳ ಆ ಕೊನೆಯ ಮಾತು ನನ್ನನ್ನು ಸುಡುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಮಾರಿದ್ದರೆ ಅವಳು ಕೊಳ್ಳುತ್ತಿರಲಿಲ್ಲ. ಶಾಲೆಯ ಅಂಗಳದಲ್ಲಿ, ಗುಣಾಕಾರ ಮಾಡಿ ತೋರಿಸಿ, ಮೇಷ್ಟರುಗಳನ್ನು ಸಾಕ್ಷಿಗೆ ಕೂರಿಸಿಕೊಂಡು ಮಾರಿದ್ದರು. ಲೆಕ್ಕ ಸರಿಯಾಗಿತ್ತು. ಅದರ ಬೆನ್ನಿಗೆ ಅಂಟಿಸಿದ್ದು ಮಾತ್ರ ಸುಳ್ಳು.

ಅದೇ ತಿಂಗಳು ಕೊಳ್ಳೇಗಾಲದ ಒಂದು ಕಲ್ಯಾಣ ಮಂಟಪದಲ್ಲಿ ಶಿಕ್ಷಕರಿಗೆ ಅದೇ ಮನುಷ್ಯನ ಕಾರ್ಯಾಗಾರ ಇತ್ತು. ನನಗೂ ಹೋಗಲು ಹೇಳಿದರು. ಹೋದೆ. ಆತ ಆರರವರೆಗೆ ಗುಣಿಸಿ ನಿಲ್ಲಿಸುವುದನ್ನೇ ಕಾಯುತ್ತಿದ್ದೆ. ನಿಲ್ಲಿಸಿದ ಕೂಡಲೇ ಯಾರನ್ನೂ ಕೇಳದೆ ವೇದಿಕೆ ಹತ್ತಿ, ಹಲಗೆಯ ಮೇಲೆ ಏಳರಿಂದ ಗುಣಿಸಿ ಉತ್ತರ ಬರೆದೆ. 999999.

“ಈಗ ನಿಮ್ಮ ಆರು ಅಂಕಿ ಎಲ್ಲಿ ಹೋದವು?” ಎಂದು ಕೇಳಿದೆ.

ಆತ ಒಂದು ಕ್ಷಣವೂ ತಡವರಿಸಲಿಲ್ಲ. ಸಭೆಯ ಕಡೆ ತಿರುಗಿ ಎರಡೂ ಕೈ ಎತ್ತಿದ. “ಮೇಡಂ ಅವರಿಗೆ ಧನ್ಯವಾದ. ಏಳನೇ ಮೆಟ್ಟಿಲಲ್ಲಿ ಪೂರ್ಣತ್ವ. ಎಲ್ಲವೂ ಒಂಬತ್ತು.”

ಸಭೆ ಚಪ್ಪಾಳೆ ತಟ್ಟಿತು. ಗಣಿತ ಕಲಿಸುವವರು, ವಿಜ್ಞಾನ ಕಲಿಸುವವರು, ನನ್ನ ಜೊತೆ ತರಬೇತಿ ಪಡೆದವರು. ನಾನು ಅಲ್ಲಿ ಚಾಕು ಎಂದು ಹಿಡಿದುಕೊಂಡು ಹೋದದ್ದನ್ನು ಆತ ನನ್ನ ಕೈಯಿಂದಲೇ ತೆಗೆದುಕೊಂಡು ಹೂವಿನ ಹಾಗೆ ಮುಡಿದುಕೊಂಡಿದ್ದ.

“ಒಂಬತ್ತನೇ ಕ್ಲಾಸಿನ ಹುಡುಗಿ ನಿಮ್ಮ ತಗಡು ಕಟ್ಟಿಕೊಂಡು ಮಾತ್ರೆ ಬಿಟ್ಟು ಬಿದ್ದಿದ್ದಾಳೆ. ತುಟಿಗೆ ಹೊಲಿಗೆ ಹಾಕಿದ್ದಾರೆ,” ಎಂದೆ. ಮೈಕು ನನ್ನ ಹತ್ತಿರ ಇರಲಿಲ್ಲ. ಮುಂದಿನ ಸಾಲಿಗಷ್ಟೇ ಕೇಳಿಸಿತು.

ಆತ ಮೈಕನ್ನು ಕೈಯಿಂದ ಮುಚ್ಚಿ ಮೆಲ್ಲಗೆ ಹೇಳಿದ: “ಮಾತ್ರೆ ಬಿಡಿ ಅಂತ ನಾನು ಯಾವ ವೇದಿಕೆಯಲ್ಲೂ ಹೇಳಿಲ್ಲ ಮೇಡಂ. ಬೇಕಾದರೆ ರೆಕಾರ್ಡಿಂಗ್ ನೋಡಿ.”

ಅದು ನಿಜ. ವೇದಿಕೆಯಲ್ಲಿ ಆತ ಹೇಳುತ್ತಿರಲಿಲ್ಲ, ಹೇಳಲೆಂದೇ ಕೆಳಗೆ ಇಬ್ಬರನ್ನು ಬಿಟ್ಟಿದ್ದ. ಆಮೇಲೆ ನಾನು ಇಲಾಖೆಗೆ ಬರೆದುಕೊಟ್ಟ ದೂರಿಗೆ ಉತ್ತರ ಬರಲಿಲ್ಲ. ಬಂದದ್ದು ನನಗೇ ಒಂದು ನೋಟಿಸು, ಸಾರ್ವಜನಿಕ ವೇದಿಕೆಯಲ್ಲಿ ಅಶಿಸ್ತಿನಿಂದ ವರ್ತಿಸಿದ್ದಕ್ಕೆ ಕಾರಣ ಕೇಳಿ. ಬರೆದು ಕಳಿಸಿದೆ. ಅದೂ ಎಲ್ಲೋ ಹೋಯಿತು.

ಕಾರ್ಯಾಗಾರ ಮುಗಿದ ಮುಂದಿನ ಭಾನುವಾರವೇ ಕೌದಳ್ಳಿಗೆ ಹೋಗಿದ್ದೆ. ಬೆಟ್ಟಕ್ಕೆ ಹೋಗುವವರ ಗದ್ದಲ ಮುಗಿದು ಶಿವಮ್ಮನ ಹೋಟೆಲು ಖಾಲಿಯಾಗಿತ್ತು. ಪವಿತ್ರಾ ಲೋಟ ತೊಳೆಯುತ್ತಿದ್ದಳು. ತುಟಿ ಇನ್ನೂ ಊದಿಕೊಂಡಿತ್ತು. ಕೊರಳಲ್ಲಿ ಕೆಂಪು ದಾರ ಹಾಗೇ ಇತ್ತು.

“ಮಾತ್ರೆ ಕೊಡ್ತಿದ್ದೀರಾ?” ಎಂದು ತಾಯಿಯನ್ನು ಕೇಳಿದೆ.

“ಕೊಡ್ತಿವ್ನಿ ಮೇಡಮ್ಮೋರೆ. ಅರ್ಧ.”

“ಅರ್ಧ ಯಾಕೆ?”

“ಪೂರ್ತಿ ಕೊಟ್ರೆ ನಂಬರ್ ಬುಟ್ಟೋಯ್ತದೆ ಅಂತಾರೆ. ನಂಬರ್ ತಗುದ್ರೆ ಇನ್ನೂ ಏನಾರ ಆಗ್ಬುಟ್ರೆ? ನಂಗೆ ಯಾವುದ್ ನಂಬಾದು ಅಂತ ಗೊತ್ತಾಯ್ತಿಲ್ಲ.”

ನನಗೆ ಅವಳ ಮೇಲೂ ಸಿಟ್ಟು ಬಂತು. ಅದನ್ನು ಮುಖದಲ್ಲಿ ಕಂಡಿರಬೇಕು, ಪವಿತ್ರಾ ಕೈ ಒರೆಸಿಕೊಂಡು ನಡುವೆ ಬಂದಳು. “ಅವ್ವುಂದೇನೂ ತಪ್ಪಿಲ್ಲ ಮಿಸ್. ನಾನೇ. ದಿನಾ ನೂರೆಂಟು ಸಲ ಬಾಯಲ್ಲಿ ನಂಬರ್ ಏಳ್ಬೇಕಿತ್ತು. ಬುಧವಾರ ಏಳಕ್ಕೆ ಮರ್ತೋಗಿದ್ದೆ. ಅದ್ಕೇ ಬಿದ್ದೆ.”

ಮಾತ್ರೆ ಬಿಡಿಸಿದ್ದು ಒಂದು. ಬಿದ್ದದ್ದಕ್ಕೆ ತಾನೇ ಕಾರಣ ಎಂದು ಆ ಮಗು ನಂಬುವ ಹಾಗೆ ಮಾಡಿದ್ದು ಇನ್ನೊಂದು. ಎರಡನೆಯದನ್ನು ನಾನು ಯಾವತ್ತೂ ಕ್ಷಮಿಸುವುದಿಲ್ಲ.

ಗೋಡೆಗೆ ಒಂದು ಕರಿ ಹಲಗೆ ತಗುಲಿಹಾಕಿದ್ದರು, ಇಡ್ಲಿ, ಚಿತ್ರಾನ್ನ, ಮುದ್ದೆ ಊಟ ಎಂದು ಬರೆದದ್ದು. “ಅದನ್ನ ಅಳಿಸಲಾ ಶಿವಮ್ಮ?” ಎಂದು ಕೇಳಿ, ಅಳಿಸಿ, ಪವಿತ್ರಾಳ ಕೈಗೆ ಚಾಕ್‌ಪೀಸು ಕೊಟ್ಟೆ. “ಒಂದನ್ನ ಏಳರಿಂದ ಭಾಗಿಸು. ದಶಮಾಂಶ ಹಾಕಿಕೊಂಡು ಹೋಗು. ಪ್ರತಿ ಸಲ ಉಳಿದ ಶೇಷವನ್ನ ಪಕ್ಕದಲ್ಲಿ ಬರಿ.”

ಹತ್ತರಲ್ಲಿ ಏಳು ಒಂದು ಸಲ, ಶೇಷ ಮೂರು. ಮೂವತ್ತರಲ್ಲಿ ನಾಲ್ಕು ಸಲ, ಶೇಷ ಎರಡು. ಇಪ್ಪತ್ತರಲ್ಲಿ ಎರಡು, ಶೇಷ ಆರು. ಅರವತ್ತರಲ್ಲಿ ಎಂಟು, ಶೇಷ ನಾಲ್ಕು. ನಲವತ್ತರಲ್ಲಿ ಐದು, ಶೇಷ ಐದು. ಐವತ್ತರಲ್ಲಿ ಏಳು, ಶೇಷ ಒಂದು. ಅಲ್ಲಿ ನಿಂತಳು. ತಾನು ಬರೆದದ್ದನ್ನು ಮೇಲಿನಿಂದ ಕೆಳಕ್ಕೆ ನೋಡಿದಳು. 1, 4, 2, 8, 5, 7.

“ಮತ್ತೆ ಒಂದು ಉಳೀತು ಮಿಸ್. ಮೊದ್ಲಿಂದ ಅದೇ ಬರ್ತದೆ.”

“ಯಾಕೆ ಬರಲೇಬೇಕು?”

ಪಕ್ಕದಲ್ಲಿ ಬರೆದ ಶೇಷಗಳನ್ನು ಒಂದೊಂದಾಗಿ ಎಣಿಸಿದಳು. ನಾನು ಹೇಳಿಕೊಡಲಿಲ್ಲ. “ಏಳರಿಂದ ಭಾಗಿಸುದ್ರೆ ಉಳಿಯೋದು ಒಂದರಿಂದ ಆರರೊಳಗೇ. ಆರೂ ಮುಗುದ್ಮೇಲೆ ಹಳೇದೇ ಬರಬೇಕು.”

“ಎರಡನ್ನ ಏಳರಿಂದ ಭಾಗಿಸಿದರೆ?”

ಶೇಷಗಳ ಸಾಲಿನಲ್ಲಿ ಎರಡರ ಮೇಲೆ ಬೆರಳಿಟ್ಟಳು. “ಇಲ್ಲಿಂದ ಶುರುವಾಯ್ತದೆ. ಎರಡು ಎಂಟು ಐದು ಏಳು ಒಂದು ನಾಲ್ಕು.” ಆತ ವೇದಿಕೆಯ ಮೇಲೆ ತೋರಿಸಿದ ಪವಾಡವೆಲ್ಲ ಇಷ್ಟೇ. ಎರಡರಿಂದ ಗುಣಿಸಿದರೆ ಅದೇ ಸಾಲಿನಲ್ಲಿ ಬೇರೆ ಜಾಗದಿಂದ ಹೊರಡುತ್ತದೆ.

ಆಮೇಲೆ ಅವಳೇ ಕೇಳಿದಳು: “ಬೇರೆ ಸಂಖ್ಯೆಗೂ ಹಿಂಗೆ ಬರ್ತದಾ ಮಿಸ್?”

“ಮಾಡಿ ನೋಡು.”

ಒಂದನ್ನು ಹದಿಮೂರರಿಂದ ಭಾಗಿಸಿದಳು. 076923 ಬಂದು ಬೇಗ ತಿರುಗಿತು. ಅದನ್ನು ಎರಡರಿಂದ ಗುಣಿಸಿದರೆ ಬೇರೆಯೇ ಅಂಕಿಗಳು, ಮುಖ ಸಪ್ಪಗಾಯಿತು. ಹದಿನೇಳು ಹಿಡಿದಳು. ಅದು ಎಷ್ಟು ಹೊತ್ತಾದರೂ ತಿರುಗಲಿಲ್ಲ. ಹಲಗೆ ಸಾಲದೆ ಕಡಪಾ ಕಲ್ಲಿನ ಟೇಬಲ್ಲಿನ ಮೇಲೆ ಬರೆಯತೊಡಗಿದಳು. ಎರಡು ಸಲ ತಪ್ಪಿ, ಒರೆಸಿ, ಮತ್ತೆ ಮೊದಲಿಂದ ಮಾಡಿದಳು. ಗಿರಾಕಿಯೊಬ್ಬ ಬಂದು ಟೀ ಕೇಳಿ, ಟೇಬಲ್ಲು ನೋಡಿ, ನಿಂತೇ ಕುಡಿದು ಹೋದ. ಕೊನೆಗೆ ಶೇಷ ಒಂದಕ್ಕೆ ಬಂತು. 0588235294117647. ಹದಿನಾರು ಅಂಕಿಗಳು. ಎರಡರಿಂದ ಗುಣಿಸಿದಳು: 1176470588235294. ಅದೇ ಅಂಕಿಗಳು, ಅದೇ ಅನುಕ್ರಮ, ಬೇರೆ ಜಾಗದಿಂದ.

ನಾನು ನೋಡಿದ್ದು ಅವಳ ಮುಖವನ್ನು. ಆ ಶನಿವಾರ ಶಾಮಿಯಾನದ ಕೆಳಗೆ ಇದ್ದ ಬೆರಗು ಅಲ್ಲ ಅದು. ಅಲ್ಲಿ ಬಾಯಿ ತೆರೆದಿತ್ತು. ಇಲ್ಲಿ ಬಾಯಿ ಬಿಗಿದುಕೊಂಡು, ಹುಬ್ಬು ಗಂಟಿಕ್ಕಿ, ಇನ್ನೊಂದು ಸಲ ಪರೀಕ್ಷಿಸುತ್ತಿದ್ದಳು.

“ಅವ್ವ, ಬಾ ಇಲ್ಲಿ,” ಎಂದು ಕರೆದಳು. “ಇದು ಅವರ ನಂಬರ್‌ಗಿಂತ ದೊಡ್ಡದು. ಅದೂ ಹಿಂಗೇ ಸುತ್ತತದೆ, ಇದೂ ಸುತ್ತತದೆ. ಇದ ನಾನು ಮಾಡ್ದೆ, ಈಗ, ಇಲ್ಲೇ. ಇದ ಬರ್ದು ಯಾರ ಕೊರಳಿಗೆ ಕಟ್ಟುದ್ರೂ ಏನೂ ಆಗಾಕಿಲ್ಲ ಕಣವ್ವ. ಭಾಗಾಕಾರ ಅಷ್ಟೇ.”

ಶಿವಮ್ಮ ಟೇಬಲ್ಲಿನ ಮೇಲಿನ ಅಂಕಿಗಳನ್ನು ನೋಡುತ್ತ ನಿಂತಳು. ಅವಳಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಮಗಳು ಬರೆದಿದ್ದಾಳೆ, ಮಗಳ ಬೆರಳಿಗೆಲ್ಲ ಚಾಕ್‌ಪೀಸಿನ ಪುಡಿ ಮೆತ್ತಿದೆ, ಅಷ್ಟು ಕಾಣುತ್ತಿತ್ತು.

“ಅಂಗಾರೆ ಇವ್ಳು ಬಿದ್ದಿದ್ದು?” ಎಂದು ನನ್ನನ್ನು ಕೇಳಿದಳು.

“ಮಾತ್ರೆ ನಿಲ್ಲಿಸಿದ್ದಕ್ಕೆ.”

“ಬುಧವಾರ ನಂಬರ್ ಏಳ್ದೆ ಇದ್ದುದ್ಕಲ್ಲ.”

“ಅಲ್ಲ.”

“ಅಂಗಾರೆ ನಾನೇ ಕೆಡವ್ದೆ ಅನ್ನಿ.”

ಅವಳ ಮೇಲೆ ಬಂದಿದ್ದ ಸಿಟ್ಟು ಆ ಮಾತಿಗೆ ಇಳಿದುಹೋಯಿತು. “ನೀವಲ್ಲ ಶಿವಮ್ಮ. ನಂಬಿಸಿದವನು. ಅವನಿಗೆ ಶಾಮಿಯಾನ ಹಾಕಿಸಿಕೊಟ್ಟವರು,” ಎಂದೆ. ಅವಳು ತಲೆಯಾಡಿಸಿದಳು, ಒಪ್ಪಿದ ಹಾಗಿರಲಿಲ್ಲ. ಒಳಗೆ ಹೋಗಿ ಈರುಳ್ಳಿ ಹೆಚ್ಚುವ ಚಾಕು ತಂದು ಮಗಳ ಕೊರಳಿನ ದಾರ ಕತ್ತರಿಸಿದಳು. ತಗಡನ್ನು ಎಸೆಯಲಿಲ್ಲ, ನನ್ನ ಕೈಗೆ ಕೊಟ್ಟಳು. “ಇದ ಕೊಟ್ಟೋರ್ಗೆ ವಾಪಸ್ ಕೊಡಿ.” ಮರುದಿನ ಅದನ್ನು ಮುಖ್ಯ ಶಿಕ್ಷಕರ ಮೇಜಿನ ಮೇಲೆ ಇಟ್ಟು, ಎಲ್ಲಿಂದ ಬಂತು ಎಂದು ಹೇಳಿದೆ. ಅವರು ಅದನ್ನು ಮುಟ್ಟಲಿಲ್ಲ.

ಶಿವಮ್ಮ ಮಗಳನ್ನು ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದಳು. ನಾನೂ ಜೊತೆಗಿದ್ದೆ. ತೂಕಡಿಕೆಯ ವಿಷಯವನ್ನು ಅವಳು ಅದುವರೆಗೆ ಡಾಕ್ಟರಿಗೆ ಹೇಳಿಯೇ ಇರಲಿಲ್ಲ, ಹೇಳಬಹುದು ಎಂದೇ ಗೊತ್ತಿರಲಿಲ್ಲ. ಡಾಕ್ಟರು ಬೇರೆ ಮಾತ್ರೆ ಬರೆದರು. ಒಂದು ತಿಂಗಳಲ್ಲಿ ಪವಿತ್ರಾ ಬೆಳಗಿನ ಪೀರಿಯಡ್ಡಿನಲ್ಲಿ ಎಚ್ಚರವಾಗಿ ಕೂರತೊಡಗಿದಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಈಗ ಕೊಳ್ಳೇಗಾಲದಲ್ಲಿ ಪಿಯುಸಿ ಓದುತ್ತಿದ್ದಾಳೆ. ತುಟಿಯ ಮೇಲೆ ಗಾಯದ ಗೆರೆ ಉಳಿದಿದೆ. ಆತನಿಗೆ ಏನೂ ಆಗಲಿಲ್ಲ.

ಆ ದಿನಗಳಿಂದ ನಾನು ಕಲಿತದ್ದು ಇದು. ಬೆರಗು ಒಳ್ಳೆಯದೇ, ಆದರೆ ಅದು ಎಲ್ಲಿಂದ ಹುಟ್ಟಿತು ಎಂಬುದನ್ನು ತೋರಿಸದೆ ಮಕ್ಕಳ ಮುಂದೆ ಇಟ್ಟರೆ ಅದು ಯಾರ ಕೈಗೆ ಬೇಕಾದರೂ ಹಗ್ಗವಾಗುತ್ತದೆ. ಕಲ್ಯಾಣ ಮಂಟಪದಲ್ಲಿ ನಾನು ಉತ್ತರ ಬರೆದೆ. ಉತ್ತರವನ್ನು ಯಾರು ಹೇಗೆ ಬೇಕಾದರೂ ತಿರುಗಿಸಬಹುದು. ಹೋಟೆಲಿನಲ್ಲಿ ಒಂದು ಮಗು ಭಾಗಾಕಾರ ಮಾಡಿತು. ಅದನ್ನು ತಿರುಗಿಸಲು ಯಾರಿಂದಲೂ ಆಗಲಿಲ್ಲ.

ನಿವೃತ್ತಳಾಗಿ ಯಳಂದೂರಿಗೆ ಬಂದಿದ್ದೇನೆ. ಹೋದ ತಿಂಗಳು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಫ್ಲೆಕ್ಸು ಕಂಡೆ. ಅದೇ ಮುಖ, ಅದೇ ಬಿಳಿ ಜುಬ್ಬಾ, ಈ ಸಲ ಬೇರೊಂದು ಊರಿನ ಶಾಲೆ. ಕಾರ್ಯಕ್ರಮಕ್ಕೆ ಎರಡು ದಿನ ಇತ್ತು. ಮನೆಗೆ ಹೋಗದೆ ಅಲ್ಲಿಂದಲೇ ಆ ಶಾಲೆಗೆ ಹೋದೆ. ಮುಖ್ಯ ಶಿಕ್ಷಕಿ ನನಗಿಂತ ತುಂಬ ಚಿಕ್ಕವರು. ಕಾರ್ಯಕ್ರಮ ರದ್ದು ಮಾಡಲು ತಮ್ಮ ಕೈಯಲ್ಲಿ ಆಗುವುದಿಲ್ಲ ಎಂದರು.

“ರದ್ದು ಬೇಡ,” ಎಂದೆ. “ಅದಕ್ಕೆ ಮೊದಲು ನನಗೆ ಒಂದು ಪೀರಿಯಡ್ಡು ಕೊಡಿ. ತಾಯಂದಿರನ್ನೂ ಕರೆಸಿ.”

ಅವರು ಬೆಲ್ ಹೊಡೆಯುವವನನ್ನು ಕರೆದು, ಎಂಟನೇ ಕ್ಲಾಸಿನ ಬೋರ್ಡನ್ನು ಚೆನ್ನಾಗಿ ಒರೆಸಿಡು ಎಂದರು.